ಮೊಣಕಾಲಿನ ಎಣ್ಣೆ

ಭಾನುವಾರ, ನವೆಂಬರ್ ಹದಿನಾರು. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಶಮಶಾದಬಿ ಕೆಂಪಗಲ್ಲ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಸೆರಗಿನ ಕೆಳಗೆ ಏನನ್ನೋ ಅವುಚಿಕೊಂಡಿದ್ದಳು. ಬಾದಾಮಿಯಲ್ಲಿ ಎರಡು ದಿನದ ಬಂದೋಬಸ್ತ್ ಮುಗಿಸಿ ಬಂದಿದ್ದ ಪಿಎಸ್‌ಐ ಶಿವಗಂಗಾ ಆಗಷ್ಟೇ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟಿದ್ದಳು.

"ಕೂಡ್ರಿ."

ಹೆಂಗಸು ಕೂಡಲಿಲ್ಲ. ಸೆರಗು ಸರಿಸಿ ಒಂದು ಜೊತೆ ಗಂಡಸರ ಚಪ್ಪಲಿಯನ್ನು ಟೊಪ್ಪಿಗೆಯ ಪಕ್ಕದಲ್ಲೇ ಇಟ್ಟಳು.

"ಯಾರ ಚಪ್ಪಲಿ ಇವು?"

"ನನ್ನ ಗಂಡಂದ್ರಿ. ಖಾಸಿಂಸಾಬ. ಇಳಕಲ್ಲ ಹಾದ್ಯಾಗಿನ ಕಲ್ಲಿನ ಕಾರ್ಖಾನ್ಯಾಗ ತಂತಿ ಮಶಿನ್ ನಡಸ್ತಾನ್ರಿ."

"ಎಲ್ಲಿ ಸಿಕ್ಕಾವು?"

"ನಿಮ್ಮ ಹಿತ್ತಲದಾಗ."

ಶಿವಗಂಗಾ ತಲೆ ಎತ್ತಿ ನೋಡಿದಳು. ಶಮಶಾದಬಿಯ ಕಣ್ಣು ಒಣಗಿದ್ದವು. ಅತ್ತು ಮುಗಿಸಿದವಳಲ್ಲ, ಅಳುವುದನ್ನು ಇನ್ನೂ ತಡೆದಿಟ್ಟವಳು. ಅವಳು ಹೇಳಿದ್ದು ಇಷ್ಟು: ನಿನ್ನೆ ಮಧ್ಯಾಹ್ನ ಎರಡರ ಸುಮಾರಿಗೆ ಪೊಲೀಸರು ಊಟಕ್ಕೆ ಕುಳಿತವನನ್ನು ಎಬ್ಬಿಸಿ ಕರೆದುಕೊಂಡು ಹೋದರು. 'ಖಾಲಿ ಕೇಳಾಕ' ಎಂದರು, ಸುಮ್ಮನೆ ವಿಚಾರಿಸುವುದಕ್ಕೆ. ಅವನು ತನ್ನ ಬೈಕಿನ ಮೇಲೆಯೇ ಅವರ ಹಿಂದೆ ಹೋದ. ಐದು ಗಂಟೆಗೆ ಇವಳು ರೊಟ್ಟಿ ಕಟ್ಟಿಕೊಂಡು ಠಾಣೆಗೆ ಬಂದಳು. ಅಂಥವನು ಇಲ್ಲಿ ಯಾರೂ ಇಲ್ಲ ಎಂದರು. ಸುತ್ತು ಹಾಕಿ ಹಿಂದೆ ಹೋದಾಗ ಪಾಳುಬಿದ್ದ ಹಳೆಯ ಕ್ವಾರ್ಟರ್ಸಿನ ಹೊಸ್ತಿಲಲ್ಲಿ ಚಪ್ಪಲಿ ಇದ್ದವು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

"ಬಾಗಲಾ ಬಡೀಲಿಲ್ಲೇನು?"

"ಒಳಗ ನಳದ ನೀರು ಜೋರ್ ಬಿಟ್ಟಿದ್ರಿ. ಎಷ್ಟ ಬಡದ್ರೂ ಕೇಳಸ್ಲಿಲ್ಲ."

ನಳದ ನೀರು. ಶಿವಗಂಗಾ ಠಾಣೆಯ ದಿನಚರಿ ತೆರೆದಳು. ಶನಿವಾರ ಮಧ್ಯಾಹ್ನ ಎರಡರಿಂದ ಸಂಜೆ ಏಳರ ತನಕ ಖಾಸಿಂಸಾಬನ ಹೆಸರಿರಲಿಲ್ಲ.

ಅಷ್ಟರಲ್ಲಿ ಎಎಸ್‌ಐ ಶಂಕ್ರಪ್ಪ ಎರಡು ಕಪ್ ಚಹಾ ಹಿಡಿದು ಬಂದರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಸಮವಸ್ತ್ರ. ನಿವೃತ್ತಿಗೆ ಆರು ತಿಂಗಳು ಉಳಿದಿತ್ತು. ಹನ್ನೊಂದು ವರ್ಷದ ಹಿಂದೆ ಶಿವಗಂಗಾ ತರಬೇತಿ ಮುಗಿಸಿ ಮೊದಲ ಠಾಣೆಗೆ ಬಂದಾಗ ಕೆಲಸ ಕಲಿಸಿದವರು ಇವರೇ. ಬಾಡಿಗೆ ಮನೆ ಸಿಗುವ ತನಕ ಮೂರು ತಿಂಗಳು ಅವರ ಮನೆಯಲ್ಲೇ ಉಂಡಿದ್ದಳು.

"ಕಾಕಾ, ಖಾಸಿಂಸಾಬ ಅನ್ನಾಂವನ್ನ ಕರಸಿದ್ರೇನು?"

"ಕರಸಿದ್ದೆ ತಂಗೀ. ಕಾರ್ಖಾನಿಯ ಕಲ್ಲ ಕೊಯ್ಯೂ ವಜ್ರದ ತಂತಿ ಕಳುವಾಗೇತಲ್ಲ, ಅದರ ಸಲುವಾಗಿ. ಅರ್ಧಾ ತಾಸ ಮಾತಾಡ್ಸಿ ಕಳಿಸಿಬಿಟ್ಟೆ. ಗಾಡಿ ತಗೊಂಡ ಹ್ವಾದ."

"ಬರಿಗಾಲಿಲೆ?"

ಶಂಕ್ರಪ್ಪ ಆಗ ಮೇಜಿನ ಮೇಲಿನ ಚಪ್ಪಲಿ ನೋಡಿದರು. ಕಪ್ಪಿನ ಚಹಾ ತುಳುಕಲಿಲ್ಲ.

"ಮಂದಿ ಚಪ್ಪಲಿ ಮರೀತಾರವ್ವಾ. ಗುಡಿ ಮುಂದ ನೋಡು, ದಿನಾ ಎಷ್ಟ ಬಿದ್ದಿರ್ತಾವು."

"ದಿನಚರ್ಯಾಗ ಯಾಕ ಬರದಿಲ್ಲ?"

"ಆರೋಪಿ ಅಲ್ಲ, ಸಾಕ್ಷಿ ಅಲ್ಲ. ಏನಂತ ಬರೀಲಿ?"

ಶಿವಗಂಗಾ ಆ ಮಾತನ್ನು ಬಹಳ ಹೊತ್ತು ಯೋಚಿಸಿದಳು. ಆರೋಪಿಯಾದರೆ ದಸ್ತಗಿರಿಗೆ ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು, ವೈದ್ಯರ ಹತ್ತಿರ ಕರೆದೊಯ್ಯಬೇಕು, ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸಾಕ್ಷಿಯಾದರೆ ನೋಟಿಸು ಕೊಟ್ಟು ಕರೆಯಬೇಕು, ಕೇಳಿ ಕಳಿಸಬೇಕು. ಎರಡೂ ಅಲ್ಲದವನಿಗೆ ಏನು ಮಾಡಿದರೂ ಬರೆದಿಡುವ ಹಾಳೆಯೇ ಇಲ್ಲ. ಅಂಥವರನ್ನು ಕರೆಯಲು ಎಲ್ಲ ಠಾಣೆಗಳಿಗೂ ಒಂದೇ ಮಾತು ರೂಢಿ. ಖಾಲಿ ಕೇಳಾಕ.

ಶಮಶಾದಬಿಯ ಹೇಳಿಕೆಯನ್ನು ಅವಳೇ ಕೈಯಾರೆ ಬರೆದುಕೊಂಡಳು. ಎಂಟು ಐವತ್ತೈದಕ್ಕೆ ಅಕ್ರಮ ಬಂಧನದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. 'ಆರೋಪಿತರು' ಎಂಬಲ್ಲಿ 'ಇದೇ ಠಾಣೆಯ ಸಿಬ್ಬಂದಿ' ಎಂದು ಬರೆಯುವಾಗ ಪೆನ್ನು ಒಮ್ಮೆ ನಿಂತು ಮುಂದೆ ಸರಿಯಿತು. ಪ್ರತಿಯನ್ನು ಶಮಶಾದಬಿಯ ಕೈಗೆ ಕೊಟ್ಟಳು. ಚಪ್ಪಲಿಯನ್ನು ಜಪ್ತಿ ಮಾಡಿ ಚೀಟಿ ಅಂಟಿಸಿದಳು.

ಹತ್ತೂ ಮೂವತ್ತೈದಕ್ಕೆ ಫೋನು ಬಂತು. ಹುನಗುಂದದ ಕಡೆಯ ಹಳ್ಳದ ಸೇತುವೆಯ ಕೆಳಗೆ ಒಂದು ಗಾಡಿ, ಪಕ್ಕದಲ್ಲಿ ಒಂದು ಹೆಣ.

ಖಾಸಿಂಸಾಬ ಕಲ್ಲುಗಳ ನಡುವೆ ಬೋರಲಾಗಿ ಬಿದ್ದಿದ್ದ. ತಲೆಯ ಒಂದು ಬದಿ ಒಡೆದಿತ್ತು, ಆದರೆ ಕೆಳಗಿನ ಕಲ್ಲಿನ ಮೇಲೆ ಅಂಗೈಯಗಲದಷ್ಟೂ ರಕ್ತವಿರಲಿಲ್ಲ. ಸತ್ತ ಮೇಲೆ ಒಡೆದ ತಲೆ. ಹೊರಳಿಸಿದಾಗ ಹೊಟ್ಟೆ ನಗಾರಿಯಂತೆ ಬಿಗಿದಿತ್ತು, ಎಡಪಕ್ಕೆಯ ಮೇಲೆ ಬೂಟಿನ ತುದಿಯ ಅಳತೆಯ ನೀಲಿ ಕಲೆ. ಶಿವಗಂಗಾ ಕಾಲ ಬಳಿ ಕುಳಿತಳು. ಎರಡೂ ಅಂಗಾಲು ಬದನೆಕಾಯಿಯಂತೆ ಕಪ್ಪಾಗಿ ಊದಿದ್ದವು. ಬಲಗಾಲಿನ ಚರ್ಮ ಹಿಮ್ಮಡಿಯ ಹತ್ತಿರ ಸುಲಿದು ಬಿಳಿಯ ಕೊಬ್ಬು ಕಾಣುತ್ತಿತ್ತು. ಎಡಗಾಲಿಗೆ ಒಂದು ಬಟ್ಟೆಯ ಪಟ್ಟಿ ಸುತ್ತಿತ್ತು. ರಕ್ತ ಒಣಗಿ ಅದು ಚರ್ಮಕ್ಕೆ ಕಚ್ಚಿಕೊಂಡಿತ್ತು.

"ಕಲ್ಲಿನ ಕೆಲಸದವರು ಹಿಂಗ ಚಿಂದಿ ಸುತಗೋತಾರ್ರಿ," ಎಂದ ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್ ಮಲಕಪ್ಪ. ಅವನು ಸೇತುವೆಯ ಕಡೆ ನೋಡುತ್ತಿದ್ದ.

ಶಿವಗಂಗಾ ಬಗ್ಗಿ ಮೂಸಿದಳು. ಹರಳೆಣ್ಣೆಯಲ್ಲಿ ಕುದಿಸಿದ ಅರಿಷಿಣ, ಅದರೊಳಗೆ ಸ್ವಲ್ಪ ಅಜವಾನ.

ಆ ವಾಸನೆ ಅವಳನ್ನು ಹನ್ನೊಂದು ವರ್ಷ ಹಿಂದಕ್ಕೆ ಎಳೆದೊಯ್ಯಿತು. ಮೊದಲ ಠಾಣೆ, ಮೊದಲ ವಾರ. 'ತಂಗೀ, ಈ ಫೈಲ್ ಓದಕೋತ ಕೂಡು, ಒಳಗ ಬರಬ್ಯಾಡ,' ಎಂದು ಶಂಕ್ರಪ್ಪ ಕಾಕಾ ಚಹಾ ತಂದಿಟ್ಟಿದ್ದರು. ಒಳಗಿನ ಕೋಣೆಯಲ್ಲಿ ನಳ ಬಿಟ್ಟಿದ್ದರು. ನೀರಿನ ಸದ್ದಿನ ಕೆಳಗಿನಿಂದ ಇನ್ನೊಂದು ಸದ್ದು ಬರುತ್ತಿತ್ತು, ಒದ್ದೆ ಅರಿವೆಯನ್ನು ಕಲ್ಲಿಗೆ ಬಡಿದಂತೆ. ತಾಸಿನ ನಂತರ ಒಬ್ಬ ಮುದುಕ ಬೇವಿನ ಗಿಡದ ಸುತ್ತ ನಡೆಯುತ್ತಿದ್ದ, ಕಾಕಾ ಅವನ ಭುಜ ಹಿಡಿದು ಮಗುವನ್ನು ನಡೆಸುವಂತೆ ನಡೆಸುತ್ತಿದ್ದರು. ಎಣ್ಣೆ ಹಚ್ಚಿ ನಡೆಸಿದರೆ ಬಾವು ಇಳಿಯುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಅವಳು ಫೈಲು ಓದಿದ್ದಳು. ಆ ಸಂಜೆ ಅವರ ಮನೆಯಲ್ಲಿ ರೊಟ್ಟಿ ಉಂಡಿದ್ದಳು, ಇನ್ನೊಂದು ಹಾಕಿಸಿಕೊಂಡಿದ್ದಳು. ಹನ್ನೊಂದು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಅವಳು ಪಂಚನಾಮೆಯನ್ನು ಅಲ್ಲಿಗೇ ನಿಲ್ಲಿಸಿದಳು. ಪೊಲೀಸರ ಕೈಯಲ್ಲಿ ಸತ್ತ ಸಂಶಯವಿದ್ದ ಹೆಣವನ್ನು ಪೊಲೀಸರೇ ಮುಟ್ಟಿ ಮುಗಿಸುವಂತಿಲ್ಲ, ಮ್ಯಾಜಿಸ್ಟ್ರೇಟರು ಬರಬೇಕು. ಮೊದಲು ಅವರಿಗೆ ಲಿಖಿತ ವರದಿ ಕಳಿಸಿದಳು. ಆಮೇಲೆ ಡಿವೈಎಸ್‌ಪಿ ಸುನೀಲಕುಮಾರರಿಗೆ ಫೋನು ಮಾಡಿದಳು.

"ಅಪಘಾತ ಅಂತ ಕಾಣಸ್ತೈತಲ್ಲ?" ಎಂದರು ಅವರು.

"ಇಲ್ರಿ ಸರ್."

"ಶಿವಗಂಗಾ, ಶಂಕ್ರಪ್ಪ ಆರು ತಿಂಗಳಾಗ ರಿಟೈರ್ ಆಗಾಂವ. ಸದ್ಯ ಅಸಹಜ ಸಾವು ಅಂತ ಬರದ ಇಡ್ರಿ. ನಾ ಬಂದ ನೋಡ್ತೇನಿ."

"ಎಫ್‌ಐಆರ್ ಆಗೇತ್ರಿ ಸರ್. ಪ್ರತಿ ಆಕೀ ಕೈಯಾಗ ಐತಿ. ಮ್ಯಾಜಿಸ್ಟ್ರೇಟರಿಗೂ ತಿಳಸೀನಿ."

"ನನ್ನ ಕೇಳಿ ಮಾಡಬೇಕಾಗಿತ್ತು."

"ಕೇಳಿದ್ರ ಬ್ಯಾಡ ಅಂತಿದ್ರಿ. ಅದಕ್ಕ ಕೇಳ್ಲಿಲ್ರಿ."

ಮಧ್ಯಾಹ್ನ ಒಂದೂವರೆಗೆ ಮ್ಯಾಜಿಸ್ಟ್ರೇಟರು ಬಂದು ನೋಡಿದ ಮೇಲೆ ವೈದ್ಯರು ಕಾಲಿನ ಪಟ್ಟಿಯನ್ನು ಉಪ್ಪುನೀರಿನಿಂದ ನೆನೆಸಿ ಬಿಡಿಸಿದರು. ಹಳೆಯ ಇಳಕಲ್ ಸೀರೆಯ ದಡಿ. ಈ ಸೀಮೆಯಲ್ಲಿ ಯಾವ ಮನೆಯ ಚಿಂದಿಯೂ ಇಳಕಲ್ ಸೀರೆಯದೇ, ಅದರಲ್ಲಿ ವಿಶೇಷವಿಲ್ಲ. ಆದರೆ ಕೆಂಪು ದಡಿಯ ನಡುವೆ, ಬಿಳಿ ಎಳೆ ಇರಬೇಕಾದ ಜಾಗದಲ್ಲಿ ಒಂದೇ ಒಂದು ಹಸಿರು ಎಳೆ ಉದ್ದಕ್ಕೂ ಓಡಿತ್ತು.

ಶಿವಗಂಗಾ ಅಲ್ಲಿಂದ ನೇರ ಮನೆಗೆ ಹೋದಳು. ಮಂಚದ ಮೇಲೆ ಕೌದಿ ಇತ್ತು. ಮಗಳು ಹುಟ್ಟಿದಾಗ ಶಂಕ್ರಪ್ಪನವರ ಹೆಂಡತಿ ಸಾವಿತ್ರೆವ್ವ ತನ್ನ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದು ಕೊಟ್ಟದ್ದು. ತುಂಡು ತುಂಡಿಗೂ ಒಂದು ಕತೆ ಹೇಳಿದ್ದಳು. ಮೂಲೆಯ ಕೆಂಪು ತುಂಡನ್ನು ತೋರಿಸಿ ನಕ್ಕಿದ್ದಳು: 'ಇದು ನನ್ನ ತಮ್ಮ ಮಗ್ಗದಾಗ ಕೂತು ನೇಯ್ದ ಮೊದಲನೇ ಸೀರಿ. ದಡಿಯಾಗ ಹಸರ ಎಳಿ ತಪ್ಪಿ ಬಿತ್ತು. ಸಾವಕಾರ ಒಲ್ಲೆ ಅಂದ. ನಾ ಇಸಕೊಂಡೆ. ಇಡೀ ಇಳಕಲ್ಲದಾಗ ಇಂಥ ಸೀರಿ ಇನ್ನೊಂದಿಲ್ಲ ನೋಡು.'

ಆ ಮೂಲೆಯನ್ನು ಶಿವಗಂಗಾ ಕಿಟಕಿಯ ಬೆಳಕಿಗೆ ಹಿಡಿದಳು. ಹಸಿರು ಎಳೆ ಅಲ್ಲೇ ಇತ್ತು. ಮಗಳಿಗೆ ಜ್ವರ ಬಂದಾಗಲೆಲ್ಲ ಇದನ್ನೇ ಹೊದಿಸಿದ್ದಳು. ಮಡಚಿ ಪೆಟ್ಟಿಗೆಯ ತಳದಲ್ಲಿ ಇಟ್ಟುಬಿಟ್ಟರೆ ಆ ಪಟ್ಟಿ ಯಾರ ಮನೆಯದೂ ಅಲ್ಲದ ಚಿಂದಿಯಾಗಿಯೇ ಉಳಿಯುತ್ತದೆ. ಕೊಟ್ಟರೆ ಕೌದಿ ಒಂದೇ ಹೋಗುವುದಿಲ್ಲ. ಇದು ಹೇಗೆ ಬಂತು, ಆ ಎಣ್ಣೆಯ ವಾಸನೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆ ಫೈಲು, ಆ ನಳ, ಆ ಮುದುಕ, ಎಲ್ಲವನ್ನೂ ಹೇಳಬೇಕಾಗುತ್ತದೆ. ಅವಳು ಮಂಚದ ಅಂಚಿಗೆ ಕುಳಿತು ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಮೇಜಿನ ಮೇಲಿಟ್ಟ ಚಪ್ಪಲಿ ಕಣ್ಣಮುಂದೆ ಬಂದವು. ಹತ್ತು ನಿಮಿಷದ ನಂತರ ಎದ್ದು ಅದನ್ನು ಕಾಗದದಲ್ಲಿ ಸುತ್ತಿದಳು.

ಮೂರು ಗಂಟೆಗೆ ಡಿವೈಎಸ್‌ಪಿ ತನಿಖೆಯನ್ನು ಕೈಗೆತ್ತಿಕೊಂಡರು. ಶಿವಗಂಗಾ ಕೌದಿಯನ್ನೂ ನಾಲ್ಕು ಪುಟದ ತನ್ನ ಹೇಳಿಕೆಯನ್ನೂ ಅವರ ಮುಂದಿಟ್ಟಳು. ಓದುತ್ತ ಅವರ ಮುಖ ಕಪ್ಪಿಟ್ಟಿತು. "ಈ ಎರಡನೇ ಪುಟಾ ಬೇಕೇನು? ಹನ್ನೊಂದು ವರ್ಷದ ಮಾತು. ನಿಮ್ಮ ನೌಕರಿಗೇ ಕುತ್ತು ಬರ್ತೈತಿ."

"ಎರಡನೇ ಪುಟಾ ಇಲ್ಲಂದ್ರ ಮೂರನೇದು ತಿಳ್ಯಾಂಗಿಲ್ರಿ."

ಊರಿನ ಇಬ್ಬರು ಪಂಚರ ಎದುರಿಗೆ ಹಳೆಯ ಕ್ವಾರ್ಟರ್ಸಿನ ಬಾಗಿಲು ತೆರೆದರು. ನೆಲವನ್ನು ಫಿನೈಲ್ ಹಾಕಿ ತೊಳೆದಿದ್ದರು, ಆದರೆ ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಕಂದು ಸಿಡಿತಗಳು ಉಳಿದಿದ್ದವು. ಅಟ್ಟದ ಮೇಲೆ ಹಿಟ್ಟಿನ ಗಿರಣಿಯ ಪಟ್ಟಾ ಸಿಕ್ಕಿತು, ಒಂದು ತುದಿಗೆ ಹಿಡಿಕೆ ಕಟ್ಟಿದ್ದು. ಇನ್ನೊಂದು ತುದಿಯ ರಬ್ಬರಿನ ಸೀಳುಗಳಲ್ಲಿ ಚರ್ಮದ ಚೂರು ಸಿಕ್ಕಿಕೊಂಡಿತ್ತು. ಹೊರಗೆ ಬೇವಿನ ಗಿಡದ ಸುತ್ತಲಿನ ಹಾಸುಗಲ್ಲಿನ ಮೇಲೆ ಹಳದಿ ಹೆಜ್ಜೆಗಳಿದ್ದವು. ಪೂರ್ತಿ ಹೆಜ್ಜೆ ಒಂದೂ ಇರಲಿಲ್ಲ. ಪಾದದ ಹೊರಅಂಚು ಮಾತ್ರ ಊರುತ್ತ ಒಬ್ಬ ಮನುಷ್ಯ ಗಿಡವನ್ನು ಎರಡು ಸುತ್ತು ಸುತ್ತಿದ್ದ. ಮೂರನೆಯ ಸುತ್ತಿನ ಅರ್ಧದಲ್ಲಿ ಹೆಜ್ಜೆಗಳು ನಿಂತಿದ್ದವು.

ನಾಲ್ಕೂ ಹತ್ತಕ್ಕೆ ಮಲಕಪ್ಪನನ್ನು ಅದೇ ಕೋಣೆಗೆ ಕರೆಸಿದರು. ಡಿವೈಎಸ್‌ಪಿ ಕೇಳಿದರು.

"ಎಷ್ಟೊತ್ತಿಗೆ ತಂದ್ರಿ?"

"ಎರಡೂ ಇಪ್ಪತ್ತಕ್ರಿ."

"ಯಾರ್ಯಾರಿದ್ರಿ?"

"ಕಾಕಾ, ನಾ."

"ಮುಂದ?"

"ತಂತಿ ಎಲ್ಲೈತಿ ಅಂತ ಕಾಕಾ ಕೇಳಿದ್ರು. ಗೊತ್ತಿಲ್ಲ ಅಂದ. ನಳಾ ಬಿಡು ಅಂದ್ರು, ಬಿಟ್ಟೆ. ಇಪ್ಪತ್ತು ಹೊಡತದ ಮ್ಯಾಲ ಅಂವಾ ಏಳೆಂಟ ಮಂದಿ ಹೆಸರ ಹೇಳಿದ. ಎಲ್ಲಾ ಸುಳ್ಳ. ಹೊಡತಾ ನಿಂತ್ರ ಸಾಕಾಗಿತ್ತವಗ. ತನ್ನ ಹೇಣ್ತಿ ಹೆಸರೂ ಹೇಳಿದ್ರಿ."

ಡಿವೈಎಸ್‌ಪಿ ಮುಂದೆ ಹೇಳು ಎಂದು ಕೈ ಮಾಡಿದರು.

"ಆಮ್ಯಾಲ ಎಣ್ಣಿ ಹಚ್ಚಿ, ಚಿಂದಿ ಸುತ್ತಿ, ಗಿಡಾ ಸುತ್ತು ಅಂದ್ರು. ಎರಡ ಸುತ್ತ ಹಾಕಿ ಒಂದ ಕಾಲಿನ ಚಿಂದಿ ಬಿಚ್ಚಿ ಒಗದ, ಕುಂತಬಿಟ್ಟ. ಏಳು ಅಂದ್ರ ಏಳಲಿಲ್ಲ. 'ಕೊಲ್ರಿ, ನಡ್ಯಾಂಗಿಲ್ಲ' ಅಂದ. ಕಾಕಾಗ ಸಿಟ್ಟ ಬಂತ್ರಿ. ಬೂಟಗಾಲಿಲೆ ಪಕ್ಕಿಗೆ ಒದ್ರು. ಮೂರ ಸಲ. ಬಾಯಾಗಿಂದ ಏನೂ ಬರಲಿಲ್ಲ, ಖಾಲಿ ಉಸುರ. ಸಂಜಿ ಮುಂದ ಅದೂ ನಿಂತ್ತು."

"ಹೊಡಿಯುವಾಗ ಕಾಲ ಹಿಡದಾಂವ ಯಾರು?" ಎಂದರು ಡಿವೈಎಸ್‌ಪಿ.

ಮಲಕಪ್ಪ ನೆಲ ನೋಡಿದ. ಡಿವೈಎಸ್‌ಪಿ ಎದ್ದು ಅವನ ಕಾಲರ್ ಹಿಡಿದು ಕೈ ಎತ್ತಿದರು. "ಬೊಗಳೋ ಮಗನ!"

ಶಿವಗಂಗಾ ನಡುವೆ ಬಂದು ನಿಂತಳು. "ಕೈ ಇಳಸ್ರಿ ಸರ್."

"ಆಚೆ ಸರಿ ನೀ!"

"ಇಳಸ್ರಿ. ಇದ ಕೋಣಿ, ಇದ ಕೈ. ನಿನ್ನೆದಕ್ಕೂ ಇವತ್ತಿಗೂ ಏನ ಫರಕ ಉಳೀತು?"

ಎತ್ತಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು ಇಳಿಯಿತು. ಶಿವಗಂಗಾ ಮಲಕಪ್ಪನ ಕಡೆ ತಿರುಗಿದಳು. "ಮುಂದ ಮಾತಾಡಬ್ಯಾಡ ಮಲಕಪ್ಪ. ನೀ ಈಗ ಸಾಕ್ಷಿ ಅಲ್ಲ, ಆರೋಪಿ. ನಮ್ಮ ಮುಂದ ಹೇಳಿದ್ದು ಕೋರ್ಟಿನ್ಯಾಗ ನಡ್ಯಾಂಗಿಲ್ಲ. ವಕೀಲರ ಜೋಡಿ ಮಾತಾಡು. ಹೇಳೂದಿದ್ರ ಮ್ಯಾಜಿಸ್ಟ್ರೇಟರ ಮುಂದ ಹೇಳು."

ಅವನು ಅತ್ತುಬಿಟ್ಟ. ಹೊಡೆತಕ್ಕೆ ಮೈ ಬಿಗಿ ಮಾಡಿಕೊಂಡು ಕಾದಿದ್ದವನಿಗೆ ಅದು ಬೀಳದೇ ಹೋದಾಗ ನಿಲ್ಲಲು ಆಗಲಿಲ್ಲ.

ಆಸ್ಪತ್ರೆಯಿಂದ ವೈದ್ಯರು ಫೋನು ಮಾಡಿದರು. ಎಡಪಕ್ಕೆಯ ಒಳಗಿನ ಗುಲ್ಮ ಎಂಬ ಅಂಗ ಒಡೆದು ಹೊಟ್ಟೆಯ ತುಂಬ ರಕ್ತ ತುಂಬಿತ್ತು. ತಕ್ಷಣ ದವಾಖಾನೆಗೆ ತಂದಿದ್ದರೆ ಬದುಕುತ್ತಿದ್ದನೇನೋ. ಎಫ್‌ಐಆರಿಗೆ ಕೊಲೆ, ತಪ್ಪೊಪ್ಪಿಗೆಗಾಗಿ ಹಿಂಸೆ ಮತ್ತು ಸಾಕ್ಷ್ಯನಾಶದ ಕಲಮುಗಳು ಸೇರಿದವು.

ಶಂಕ್ರಪ್ಪನವರ ಮನೆ ಇಳಕಲ್ಲಿನಲ್ಲಿ. ಐದೂ ಕಾಲಿಗೆ ಜೀಪು ಹೋದಾಗ ಅವರು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತಿದ್ದರು. ಡಿವೈಎಸ್‌ಪಿ ಒಳಗೆ ಹೆಜ್ಜೆ ಇಟ್ಟರು. ಶಿವಗಂಗಾ ಬಾಗಿಲಲ್ಲೇ ನಿಂತು, "ಮುಗಸ್ಲಿ ಸರ್," ಎಂದಳು. ಹದಿನೈದು ನಿಮಿಷ ಕಾದರು.

ಶಂಕ್ರಪ್ಪ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಎದ್ದರು. ಅಳುಕಿದಂತೆ ಕಾಣಲಿಲ್ಲ, ದಣಿದಂತೆ ಕಂಡರು.

"ನೀನೂ ಆವತ್ತ ಹೊರಗ ಕುಂತಿದ್ದಿ ತಂಗೀ."

"ಹೌದು ಕಾಕಾ. ಅದನ್ನೂ ಬರದ ಕೊಟ್ಟೀನಿ."

ಅವರು ಅದನ್ನು ನಿರೀಕ್ಷಿಸಿರಲಿಲ್ಲ. "ನಾ ಈಗ ಏನ ಹೇಳಿದ್ರೂ ಕೋರ್ಟಿನ್ಯಾಗ ನಿಲ್ಲಾಂಗಿಲ್ಲ. ಗೊತ್ತೈತಿಲ್ಲೋ?"

"ನೀವ ಕಲಿಸಿದ್ದದು. ಅದಕ್ಕ ನಾ ಏನೂ ಕೇಳಾಕತ್ತಿಲ್ಲ."

ಡಿವೈಎಸ್‌ಪಿ ದಸ್ತಗಿರಿಯ ಕಾರಣಗಳನ್ನು ಓದಿ ಹೇಳಿದರು. ವಕೀಲರನ್ನು ಕರೆಸುವ ಹಕ್ಕಿದೆ ಎಂದರು. ಮೂವತ್ತೇಳು ವರ್ಷದ ನೌಕರಿಯಲ್ಲಿ ಶಂಕ್ರಪ್ಪ ಆ ಮಾತುಗಳನ್ನು ಎಷ್ಟೋ ಹಾಳೆಗಳ ಮೇಲೆ ಬರೆದಿದ್ದರು. ಬಾಯಿಬಿಟ್ಟು ಓದಿದ್ದನ್ನು ಬಹುಶಃ ಈಗಲೇ ಕೇಳಿದ್ದರು. ಮನೆಯವರ ಸಹಿ ಬೇಕಿತ್ತು. ಸಾವಿತ್ರೆವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಹಿ ಮಾಡಿ ಒಳಗೆ ಹೋದವಳು ಒಂದು ಸಣ್ಣ ಸೀಸೆ ತಂದು ಶಿವಗಂಗಾಳ ಕೈಗೆ ಕೊಟ್ಟಳು. ತಳದಲ್ಲಿ ಹಳದಿ ಎಣ್ಣೆ ಎರಡು ಬೆರಳಷ್ಟಿತ್ತು.

"ಇದನ್ನೂ ಬರಕೋ ಯವ್ವಾ."

"ಏನಿದು ಅತ್ತೀ?"

"ಮೊಣಕಾಲ ನೋವಿನ ಎಣ್ಣಿ. ತಿಂಗಳಿಗೊಮ್ಮೆ ಕಾಸಿ ಕೊಡ್ತಿದ್ದೆ. ಸ್ಟೇಶನ್‌ದಾಗ ಹಚಗೋತೀನಿ ಅಂತ ಒಯ್ತಿದ್ರು. ಚಿಂದಿನೂ ನಾನ ಹರದ ಕೊಡ್ತಿದ್ದೆ." ಅವಳು ಗಂಡನ ಕಡೆ ನೋಡಲಿಲ್ಲ. "ಮೂವತ್ತು ವರ್ಷ ಆತು. ಒಮ್ಮೆಯೂ ಅವರ ಮೊಣಕಾಲ ಬಾತಿದ್ದು ನಾ ಕಂಡಿಲ್ಲ."

"ಕೇಳ್ಲಿಲ್ಲೇನ್ರಿ?"

"ಕೇಳಿದ್ರ ಹೇಳಿಬಿಡ್ತಿದ್ರು."

ಶಿವಗಂಗಾ ಸೀಸೆಯನ್ನು ಜಪ್ತಿ ಪಟ್ಟಿಯಲ್ಲಿ ಬರೆದಳು. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಪೂರ್ತಿ ಅರ್ಥ ಮಾಡಿಕೊಂಡಿದ್ದರು. ಅದರಲ್ಲಿ ಸಮಾಧಾನವೇನೂ ಇರಲಿಲ್ಲ.

ಸೋಮವಾರ ಮಲಕಪ್ಪ ಮ್ಯಾಜಿಸ್ಟ್ರೇಟರ ಮುಂದೆ, ರಾತ್ರಿ ಹೆಣವನ್ನೂ ಗಾಡಿಯನ್ನೂ ಸೇತುವೆಯ ಕೆಳಗೆ ಉರುಳಿಸಿದ್ದೂ ಸೇರಿ, ಎಲ್ಲವನ್ನೂ ಹೇಳಿದ. ಅದೇ ದಿನ ಪ್ರಕರಣ ಸಿಐಡಿಗೆ ಹೋಯಿತು, ಶಿವಗಂಗಾಳ ಮೇಲೆ ಇಲಾಖಾ ವಿಚಾರಣೆಯ ನೋಟಿಸೂ ಹೊರಟಿತು. ವಜ್ರದ ತಂತಿ ಮಂಗಳವಾರ ಸಿಕ್ಕಿತು, ಕಾರ್ಖಾನೆಯ ಶೆಡ್ಡಿನಲ್ಲೇ, ಹಳೆಯ ಮಶಿನ್ನಿನ ಹಿಂದಿನ ಗೋಣಿಚೀಲಗಳ ಕೆಳಗೆ. ಯಾರೂ ಕದ್ದಿರಲಿಲ್ಲ.

ಶಂಕ್ರಪ್ಪ ಯಾರಿಂದಲೂ ಏನನ್ನೂ ಪಡೆದಿರಲಿಲ್ಲ. ಖಾಸಿಂಸಾಬನ ಮೇಲೆ ಅವರಿಗೆ ದ್ವೇಷವೂ ಇರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಾಹೇಬರು ಅವರ ಕೈಗೆ ಪಟ್ಟಾ ಕೊಟ್ಟು, ಕೆಲಸ ಮುಗಿದ ಮೇಲೆ ಎಲ್ಲರೆದುರು ಬೆನ್ನು ತಟ್ಟಿದ್ದರು. ಬಾಯಿ ಬಿಡಿಸುವ ಶಂಕ್ರಪ್ಪ ಎಂಬ ಹೆಸರು ಆವತ್ತು ಬಿತ್ತು. ಬಂದ ಪ್ರತಿ ಅಧಿಕಾರಿಯೂ ಆ ಹೆಸರನ್ನು ಬಳಸಿಕೊಂಡು, ಹೊಗಳಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕುಳಿತರು. ನಿವೃತ್ತಿಯಾಗುವಾಗ ಸಿಗದ ಕಳುವಿನ ಮಾಲು ಒಂದೂ ಉಳಿಯಬಾರದು ಎಂಬುದು ಅವರ ಆಸೆಯಾಗಿತ್ತು.

ಆ ಭಾನುವಾರ ಸಂಜೆ ಆರೂ ಮೂವತ್ತಕ್ಕೆ ಅವರನ್ನು ವೈದ್ಯಕೀಯ ತಪಾಸಣೆಗೆ ಕರೆದೊಯ್ದಿದ್ದರು. ಆರೋಪಿಯ ಮೈಮೇಲೆ ಗಾಯವಿಲ್ಲವೆಂದು ವೈದ್ಯರು ಬರೆದುಕೊಡಬೇಕು. ಬೆನ್ನು, ತೋಳು, ಪಕ್ಕೆ ನೋಡಿದ ಮೇಲೆ ವೈದ್ಯರು, "ಕಾಲ ಮ್ಯಾಲೆತ್ರಿ," ಎಂದರು. ಶಂಕ್ರಪ್ಪ ಕಾಲು ಎತ್ತಲಿಲ್ಲ. ಎರಡೂ ಕೈಯಿಂದ ಮಂಚದ ಅಂಚನ್ನು ಹಿಡಿದು ಕುಳಿತರು. ಶಿವಗಂಗಾ ಮುಂದೆ ಬಂದು ಬಗ್ಗಿ ಅವರ ಬೂಟು ಬಿಚ್ಚಿದಳು, ಕಾಲುಚೀಲ ತೆಗೆದಳು, ಹಿಮ್ಮಡಿಯ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದಳು.

ವೈದ್ಯರು ಎರಡೂ ಅಂಗಾಲನ್ನು ಬೆಳಕಿಗೆ ನೋಡಿದರು. ನುಣುಪಾಗಿದ್ದವು. ಗಾಯಗಳಿಲ್ಲ ಎಂದು ಬರೆದು, ವೇಳೆ ಹಾಕಿ, ಸಹಿ ಮಾಡಿದರು.